ಪೀಠಿಕೆ ಬಿಟ್ಟವನು ಫೇಲು

ಮೇಷ್ಟರಾದ ಮೇಲೆ ಮಕ್ಕಳು ನಗುವುದು ಇದ್ದದ್ದೇ. ನನ್ನ ಗ್ರಹಚಾರಕ್ಕೆ ಅದು ಮೇಷ್ಟರಾಗುವ ಮೊದಲೇ ಶುರುವಾಗಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪ್ರೈಮರಿ ಮೇಷ್ಟರ ಟ್ರೈನಿಂಗ್ ಸ್ಕೂಲಿಗೆ ನಾನು ಸಂಪಾಜೆಯಿಂದ ಟ್ರಂಕು ಹೊತ್ತು ಬಂದೆ. ಬಸ್ಸು ಹತ್ತಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಪಾಸಾದರೆ ಮೇಷ್ಟ್ರು, ಇಲ್ಲರೆ ಮಾವನ ಎಸ್ಟೇಟಿಗೆ ಹೋಕು."

ಎಸ್ಟೇಟಿಗೆ ಹೋಗಿ ಮಾವನ ಕೈಕೆಳಗೆ ಲೆಕ್ಕ ಬರೆಯುವ ರೈಟರ್ ಆಗುವುದೇ! ಸ್ವಾಮಿ, ಮಾವ ಕೆಮ್ಮಿದರೆ ಕೂಲಿಯಾಳುಗಳ ಲೈನಿನ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಪಾಸಾಗದೆ ನನಗೆ ಬೇರೆ ದಾರಿಯೇ ಇರಲಿಲ್ಲ.

ತರಕಾರಿ ತೋಟ

ಹೊಸ ಪಠ್ಯದಲ್ಲಿ ತೋಟಗಾರಿಕೆಯೂ ಇತ್ತು. ಒಬ್ಬೊಬ್ಬರಿಗೂ ಒಂದು ಪಾತಿ. ಮೈಸೂರು ಕಡೆಯಿಂದ ಬಂದಿದ್ದ ಹೆಡ್‌ಮಾಸ್ಟರು, "ಏನಾದರೂ ಬೆಳೆಯಿರಿ, ಪರೀಕ್ಷೆ ಹೊತ್ತಿಗೆ ಫಸಲು ಕಾಣಬೇಕು" ಎಂದು ಹೇಳಿ ಹೋದರು.

ನಾವೆಲ್ಲ ತೋಟದ ಮನೆಯ ಹುಡುಗರು. ಮಣ್ಣು ಕಂಡರೆ ಕೈ ಸುಮ್ಮನಿರುತ್ತದೆಯೇ? ವಾರ ಕಳೆದು ಹೆಡ್‌ಮಾಸ್ಟರು ಬಂದು ನೋಡುತ್ತಾರೆ, ಬೆಂಡೆಯಿಲ್ಲ, ಬದನೆಯಿಲ್ಲ. ಸಾಲಾಗಿ ಕಾಫಿ ಸಸಿ, ಪಕ್ಕದಲ್ಲಿ ನೆರಳಿಗೆ ಮರದ ಕೊಂಬೆ. ಪೊನ್ನಂಪೇಟೆಯ ಗೆಳೆಯನಂತೂ ಆ ಕೊಂಬೆಗೆ ಕರಿಮೆಣಸಿನ ಬಳ್ಳಿಯನ್ನೂ ಕಟ್ಟಿಬಿಟ್ಟಿದ್ದ.

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು ಕೇಳಿದರು: "ಇದರ ಫಸಲು ನೋಡೋದಕ್ಕೆ ಎಷ್ಟು ವರ್ಷ ಫೇಲಾಗಬೇಕು ಅಂತಿದ್ದೀರಪ್ಪಾ?"

ಎರಡು ಜಡೆಯ ಹುಡುಗಿ

ನಾವು ಪಾಠ ಹೇಳಿ ಕಲಿಯುವುದಕ್ಕೆಂದೇ ಪಕ್ಕದಲ್ಲಿ ಒಂದು ಪ್ರೈಮರಿ ಶಾಲೆ. ಒಬ್ಬ ಪಾಠ ಮಾಡುವಾಗ ಉಳಿದವರು ಹಿಂದೆ ಕೂತು ಗುಣದೋಷ ಬರೆದು, ಕೊನೆಗೆ ಎದ್ದು ಹೇಳಬೇಕು. ಹೆಡ್‌ಮಾಸ್ಟರ ಮಂತ್ರ ಒಂದೇ: "ಪೀಠಿಕೆ ಬಿಟ್ಟವನು ಫೇಲು!" ಪೀಠಿಕೆ ಎಂದರೆ ಪಾಠ ಯಾವುದೆಂದು ನಾವು ಬಾಯಿ ಬಿಡಬಾರದು. ಸುತ್ತಿ ಬಳಸಿ ಪ್ರಶ್ನೆ ಕೇಳಿ ಮಕ್ಕಳ ಬಾಯಿಂದಲೇ ಹೊರಡಿಸಬೇಕು.

ಆದರೆ ಆ ಮಕ್ಕಳೋ, ವರ್ಷಗಟ್ಟಲೆ ಅದೇ ಪಾಠವನ್ನು ಹೊಸಬರ ಬಾಯಲ್ಲಿ ಕೇಳಿ ಕೇಳಿ ಪಳಗಿಹೋಗಿದ್ದವು. ಅದರಲ್ಲೂ ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ. ಪೊನ್ನಂಪೇಟೆಯವನು ಹಸುವಿನ ಪಾಠದ ನಡುವೆ ಮುಂದೇನೆಂದು ಮರೆತು ಬೆವರುತ್ತ ನಿಂತಾಗ, ಅವಳು ಮೆಲ್ಲಗೆ ಹೇಳಿಕೊಟ್ಟಳು: "ಸಾರ್, ಈಗ ಚಿತ್ರ ತೋರ್ಸಿ. ಆಮೇಲೆ ಬೋರ್ಡು ಒರ್ಸಿ."

ಅವನು ಹಾಗೇ ಮಾಡಿದ. ಹೆಡ್‌ಮಾಸ್ಟರು ಬರೆದರು: "ಮಕ್ಕಳ ಸಹಕಾರ ಉತ್ತಮ."

ಕಿತ್ತಳೆ ಹಣ್ಣು

ಕೊನೆಗೆ ಪರೀಕ್ಷೆಯ ದಿನ. ನನಗೆ ಸಿಕ್ಕಿದ ಪಾಠ ಕಿತ್ತಳೆ ಹಣ್ಣು. ಪಾಠ ಮುಗಿದ ಮೇಲೆ ಹಣ್ಣನ್ನು ಮಕ್ಕಳಿಗೆ ಹಂಚುವುದು ನಮ್ಮಲ್ಲಿ ರೂಢಿ. ಹಾಗಾಗಿ ಮಕ್ಕಳ ಕಣ್ಣೆಲ್ಲ ನಾನು ಟವೆಲಿನಲ್ಲಿ ಮುಚ್ಚಿಟ್ಟ ಬುಟ್ಟಿಯ ಮೇಲೆ. ಹಿಂದೆ ಕುರ್ಚಿಯಲ್ಲಿ ಪರೀಕ್ಷಕರು, ಹಾಸನದ ಕಡೆಯವರು, ಪೆನ್ಸಿಲ್ ಹಿಡಿದು ಕೂತಿದ್ದರು. ಅವರ ಮುಖದಲ್ಲಿ ನನಗೆ ಕಂಡದ್ದು ಮಾವನ ಮೀಸೆ.

"ಮಕ್ಕಳೇ, ಬೆಳಿಗ್ಗೆ ಏನು ತಿಂದಿರಿ?"

"ಅಕ್ಕಿ ರೊಟ್ಟಿ ಸಾರ್."

"ಊಟ ಆದಮೇಲೆ ದೊಡ್ಡವರು ಏನು ತಿನ್ನುತ್ತಾರೆ?"

"ಎಲೆ ಅಡಿಕೆ!"

"ಅದಲ್ಲ, ತೋಟದಲ್ಲಿ ದುಂಡಗೆ ಏನು ನೇತಾಡುತ್ತೆ?"

"ಜೇನುಗೂಡು ಸಾರ್!"

ಪರೀಕ್ಷಕರಿಗೆ ಬೆಳಗಿನಿಂದ ಪಾಠ ಕೇಳಿ ತಲೆ ಕೆಟ್ಟಿತ್ತು. ಧಡಕ್ಕನೆ ಎದ್ದು ಬಂದರು. "ಸಾಕು ನಿಲ್ಸ್ರೀ! ಹೀಗೆ ಹೋದ್ರೆ ಸಾಯಂಕಾಲ ಆದ್ರೂ ಕಿತ್ತಳೆ ಬರಲ್ಲ. ಆ ಕಡೆ ಹೋಗಿ, ನಾನು ತೋರಿಸ್ತೀನಿ."

ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅಳುವೇ ಬಂತು. ಬೇರೆಯವರು ಪಾಠ ಮಾಡುವಾಗ ಹಿಂದೆ ಹೋಗಿ ಕೂರುವ ಅಭ್ಯಾಸ ನೋಡಿ, ಗೊತ್ತಿಲ್ಲದೆಯೇ ಹೋಗಿ ಖಾಲಿಯಿದ್ದ ಅವರ ಕುರ್ಚಿಯಲ್ಲೇ ಕೂತುಬಿಟ್ಟೆ.

ಅವರು ಟವೆಲು ಕಿತ್ತು ಹಣ್ಣು ಎತ್ತಿ ಹಿಡಿದರು. "ಮಕ್ಕಳೇ, ಇದು ಕಿತ್ತಳೆ ಹಣ್ಣು!"

ಎರಡು ಜಡೆಯ ಹುಡುಗಿ ಗಾಬರಿಯಿಂದ ಎದ್ದು ನಿಂತಳು. "ಅಯ್ಯೋ ಸಾರ್, ಪೀಠಿಕೆ ಬಿಟ್ರಿ! ಹಿಂದೆ ಕುರ್ಚೀಲಿ ಕೂತವ್ರು ಫೇಲ್ ಮಾಡ್ತಾರೆ!"

ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ಬಾಗಿಲಲ್ಲಿದ್ದ ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು.

ಪರೀಕ್ಷಕರು ಒಮ್ಮೆ ಹಣ್ಣು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಏನ್ರೀ, ಹೇಗಿತ್ತು ನನ್ನ ಪಾಠ?"

ನಾನು ದಡಬಡ ಎದ್ದೆ. ಬಾಯಿಗೆ ಬಂದದ್ದು ವರ್ಷವಿಡೀ ಹೇಳಿ ರೂಢಿಯಾದ ಮಾತೇ. "ಧ್ವನಿ ಚೆನ್ನಾಗಿತ್ತು ಸಾರ್. ಪೀಠಿಕೆ ಕಡೆ ಸ್ವಲ್ಪ ಗಮನ ಕೊಡಬೇಕು."

ಪರೀಕ್ಷಕರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ನಾನು ಪೀಠಿಕೇನೇ ಹಾಕ್ಲಿಲ್ಲ, ನೀವು ಪೀಠಿಕೆ ದಾಟಿ ಮುಂದಕ್ಕೇ ಹೋಗ್ಲಿಲ್ಲ. ಆಯ್ತು ಹೋಗ್ರೀ, ಇಬ್ಬರೂ ಪಾಸು!"

ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಆ ಹುಡುಗಿ ಮತ್ತೆ ಎದ್ದು ನಿಂತಳು.

"ಇಬ್ರೂ ಪಾಸಾದ್ರಲ್ಲ ಸಾರ್, ಈಗ ಹಣ್ಣು ಯಾರು ಹಂಚ್ತೀರಿ?"