ಎರಡು ಕಾಳಿನ ಗೆಲುವು

ಕೆಲಸ ಮಾಡುವ ಮಂದಿ ಒಂದು ನಮೂನೆ, ಕೆಲಸಕ್ಕೆ ಹಚ್ಚುವ ಮಂದಿ ಇನ್ನೊಂದು ನಮೂನೆ. ನಾನು ಎರಡನೆಯ ನಮೂನೆಯವಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಹೇಗೂ ಗೊತ್ತಾಗುವುದೇ. ನಮ್ಮ ಹೈಸ್ಕೂಲಿನಲ್ಲಿ ಪರೀಕ್ಷೆ ಬಂತೆಂದರೆ ಯಾವ ಕೋಣೆಗೆ ಯಾರು ಮೇಲ್ವಿಚಾರಕರು ಎಂಬ ಪಟ್ಟಿ ಮಾಡುವವಳು ನಾನೇ. ಪಡುವಣ ಬಿಸಿಲು ಬಡಿಯುವ ಕೋಣೆ ಯಾರಿಗೆ, ಬೇವಿನ ಮರದ ನೆರಳಿನ ಕೋಣೆ ಯಾರಿಗೆ ಎಂದು ಬರೆಯುವಾಗ ನನಗೆ ಸಿಗುವ ಸಮಾಧಾನ ಪೂಜೆಯಲ್ಲೂ ಸಿಕ್ಕಿಲ್ಲ. ಹೋದ ವರ್ಷ ನಮ್ಮ ಪಿ.ಟಿ. ಮಾಸ್ತರರು ಪಟ್ಟಿ ನೋಡಿ, "ಅಕ್ಕೋರ, ಮೂರ ವರ್ಷದಿಂದ ನನಗ ಸಂಡಾಸದ ಬಾಜೂಕಿನ ಖೋಲಿನ ಬರಾಕತ್ತೈತಿ. ಇದು ನನ್ನ ನಸೀಬೋ, ನೀವೋ?" ಎಂದು ಕೇಳಿದರು. ನಸೀಬ ಎಂದೆ. ಶಾಲೆಯ ಫಲಕದ ಮೇಲೆ "ಆಳಾಗಬಲ್ಲವನು ಆಳಬಲ್ಲ" ಎಂದು ವರ್ಷಕ್ಕೊಮ್ಮೆಯಾದರೂ ನನ್ನ ಕೈಯಾರೆ ಬರೆಯುತ್ತೇನೆ. ಆ ಗಾದೆಯಲ್ಲಿ ನನಗೆ ಹಿಡಿಸಿದ್ದು ಕೊನೆಯ ಶಬ್ದ ಮಾತ್ರ.

ಇಂಥವಳ ಕೈಗೆ ಆ ಡಬ್ಬಿ ಸಿಗಬಾರದಿತ್ತು. ಮಗಳು ಬೆಳಗಾವಿಯಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳತಿಯರ ಜೊತೆ ಆಡುತ್ತಿದ್ದ ಆಟವಂತೆ. ಕಳೆದ ವರ್ಷ ಮದುವೆಯಾಗಿ ಬೀಳಗಿಗೆ ಹೋಗುವಾಗ ಕಪಾಟಿನ ಮೇಲೆ ಬಿಟ್ಟು ಹೋದಳು. ಧೂಳು ಒರೆಸಲೆಂದು ಇಳಿಸಿದೆ. ಒಳಗಿದ್ದ ನಿಯಮಗಳ ಪುಸ್ತಕ ಓದುತ್ತ ನಿಂತಲ್ಲೇ ನಿಂತೆ, ಒಲೆಯ ಮೇಲಿನ ಬೇಳೆ ಸೀದು ಹೋಯಿತು. ಆಟ ಇಷ್ಟೇ: ಹಲಗೆಯ ಮೇಲೆ ಒಂದು ಊರಿದೆ, ಅದರಲ್ಲಿ ಬಾವಿ, ಹೊಲ, ಕಾಡು, ಸಂತೆ ಇವೆ. ಆಡುವ ಒಬ್ಬೊಬ್ಬರಿಗೂ ಹೆಬ್ಬೆರಳಷ್ಟು ಎತ್ತರದ ನಾಲ್ಕು ಕಟ್ಟಿಗೆಯ ಆಳುಗಳು. ಸರದಿ ಬಂದಾಗ ಒಂದು ಆಳನ್ನು ಒಂದು ಜಾಗಕ್ಕೆ ಕಳಿಸಬೇಕು. ಹೊಲಕ್ಕೆ ಕಳಿಸಿದರೆ ಕಾಳು ಸಿಗುತ್ತದೆ, ಕಾಡಿಗೆ ಕಳಿಸಿದರೆ ಕಟ್ಟಿಗೆ. ಕೂಡಿಟ್ಟದ್ದರಿಂದ ಮನೆ ಕಟ್ಟಬೇಕು, ಮನೆಗೆ ಇಷ್ಟೆಂದು ಅಂಕ. ಒಬ್ಬರ ಆಳು ನಿಂತ ಜಾಗಕ್ಕೆ ಆ ಸುತ್ತಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ. ಸುತ್ತಿನ ಕೊನೆಗೆ ಒಂದೊಂದು ಆಳಿಗೂ ಒಂದೊಂದು ಕಾಳು ಉಣಿಸಬೇಕು. ಕಾಳಿಲ್ಲದಿದ್ದರೆ ಆ ಆಳನ್ನು ಅಡ್ಡ ಮಲಗಿಸಿ ಅಂಕ ಕಳೆಯಬೇಕು. ನನ್ನಂಥವಳಿಗಾಗಿಯೇ ಯಾರೋ ಕೂತು ಮಾಡಿದ ಆಟ ಅನಿಸಿತು.

ನಾಲ್ವರು ಬೇಕಿತ್ತು. ರವಿವಾರ ಮಧ್ಯಾಹ್ನ ನಮ್ಮ ಬನಹಟ್ಟಿಯ ಮನೆಯ ಪಡಸಾಲೆಯಲ್ಲಿ ನನ್ನ ಮೂವರು ಗೆಳತಿಯರನ್ನು ಕೂಡಿಸಿದೆ. ಕಸ್ತೂರಿ ನನ್ನ ಓರಗೆಯವಳು, ಹಿಂದಿನ ಓಣಿಯಲ್ಲಿ ಎಂಟು ಪವರ್‌ಲೂಮಿನ ಶೆಡ್ಡು ನಡೆಸುತ್ತಾಳೆ. ಮಗ್ಗಗಳ ಗದ್ದಲದಲ್ಲಿ ಮಾತಾಡಿ ರೂಢಿಯಾಗಿ, ಎದುರಿಗೆ ಕೂತವರನ್ನೂ ಹೊಳೆಯ ಆಚೆ ದಂಡೆಯವರನ್ನು ಕರೆದಂತೆ ಕರೆಯುತ್ತಾಳೆ. ಸರದಿ ಬಂದದ್ದೇ ತಡ, ಸಿಕ್ಕಲ್ಲಿ ಆಳನ್ನು ಕುಕ್ಕಿಬಿಡುತ್ತಾಳೆ. "ಒಂಚೂರ ವಿಚಾರ ಮಾಡಿ ಇಡ ಬೇ" ಎಂದರೆ, "ವಿಚಾರ ಮಾಡ್ಕೋತ ಕುಂತ್ರ ಅಲ್ಲಿ ಎಳಿ ಹರದಿರತಾವ!" ಎನ್ನುತ್ತಾಳೆ. ಪದ್ಮಾವತಿ ತೇರದಾಳದ ಜೈನರ ಮನೆಯ ಮಗಳು, ಇಲ್ಲಿ ಗಂಡನ ಜೊತೆ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾಳೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವಳಲ್ಲ, ಹಾಕುವವರನ್ನು ನೋಡಿದರೆ ಅವರ ಪರವಾಗಿ ತಾನೇ ಚಡಪಡಿಸುತ್ತಾಳೆ. ಐದು ಗಂಟೆಯಾಯಿತೆಂದರೆ ಕಿಟಕಿ ನೋಡುತ್ತ, "ಶಾರದಕ್ಕಾ, ಹೊತ್ತ ಮುಣಗಾಕ ಬಂತು. ಮದಲ ಈ ಆಳಗೋಳಿಗೆ ಉಣ್ಣಾಕ ಹಾಕೂಣು, ಆಮ್ಯಾಲೆ ಬೇಕಾದ್ದ ಆಡೂಣು" ಎಂದು ಸುತ್ತು ಮುಗಿಯುವ ಮೊದಲೇ ಕಾಳು ಹಂಚಲು ಶುರು ಮಾಡುತ್ತಾಳೆ.

ಮೂರನೆಯವಳು ಮಾಳವ್ವಕ್ಕ. ಅರವತ್ತು ದಾಟಿದವಳು, ಬೀರೇಶ್ವರನ ಒಕ್ಕಲು, ಹಣೆಯ ಮೇಲೆ ಸದಾ ಭಂಡಾರದ ಅರಿಷಿಣ. ಹೊಳೆಯ ಕಡೆ ಕಬ್ಬಿನ ಹೊಲವಿದೆ, ಒಂದಿಷ್ಟು ಕುರಿಗಳೂ ಇವೆ. ಒಂದು ಜಾಗಕ್ಕೆ ಒಂದೇ ಆಳು ಎಂಬ ನಿಯಮವನ್ನು ಆಕೆಗೆ ಒಪ್ಪಿಸುವುದರಲ್ಲಿ ನನ್ನ ಹೆಣ ಬಿತ್ತು. ನಾನು ಬಾವಿಯ ಮೇಲೆ ಆಳು ಇಟ್ಟರೆ ಅದರ ಪಕ್ಕದಲ್ಲೇ ತನ್ನದನ್ನೂ ಇಟ್ಟು, "ಭಾಂವಿ ಏನ ನಿಮ್ಮಪ್ಪಂದೇನ ಬೇ ಶಾರೀ? ನಿನ್ನಾಕಿ ಸೇದ್ಲಿ, ನನ್ನಾಕಿ ಹೊರ್ಲಿ" ಎನ್ನುತ್ತಿದ್ದಳು. ಆಕೆಯ ಕಟ್ಟಿಗೆಯ ಆಳುಗಳೆಲ್ಲ ಹೆಣ್ಣಾಳುಗಳು. ಇದಕ್ಕಿಂತ ಕಷ್ಟದ್ದೆಂದರೆ ಆಕೆ ಆಟದೊಳಗೆ ಮುಯ್ಯಿ ತಂದಳು. ಇಂದು ನಾನು ನಿನ್ನ ಮನೆಯ ಕೆಲಸಕ್ಕೆ, ನಾಳೆ ನೀನು ನನ್ನ ಮನೆಯ ಕೆಲಸಕ್ಕೆ, ನಡುವೆ ಕೂಲಿಯ ಮಾತಿಲ್ಲ, ಅದು ಮುಯ್ಯಿ. "ಕಸ್ತೂರಿ, ನನ್ನ ಆಳ ಈ ಸುತ್ತ ನಿನ್ನ ಹೊಲಕ್ಕ ಬರತೈತಿ, ಮುಂದಿನ ಸುತ್ತ ನಿಂದು ನನ್ನ ಕಡೆ ಕಳಸ" ಎಂದು ಆಕೆ ಹೇಳುವುದು, ಕಸ್ತೂರಿ "ಆತ ತಗೊ" ಎನ್ನುವುದು. ಹಲಗೆಯ ಮೇಲೆ ಯಾರ ಆಳು ಯಾರದೆಂದು ನನಗೇ ತಿಳಿಯದಂತಾಗಿ, ಮೂರು ತಿಂಗಳು ಆಡಿದರೂ ಒಮ್ಮೆಯೂ ಯಾರು ಗೆದ್ದರೆಂದು ನಿಕ್ಕಿಯಾಗಲಿಲ್ಲ. ಅವರಿಗೆ ಅದರ ಖಬರೂ ಇರಲಿಲ್ಲ. ನಾನು ಮಾಡಿದ ಚುರುಮುರಿಯ ಸೂಸಲಾ ತಿಂದು, ಚಹಾ ಕುಡಿದು, ಛಲೋ ಆಟ ಎಂದು ಎದ್ದು ಹೋಗುತ್ತಿದ್ದರು. ನಾನು ಮಾತ್ರ ರಾತ್ರಿ ಕೂತು ಯಾರಿಗೆ ಎಷ್ಟು ಅಂಕವೆಂದು ಮತ್ತೆ ಮತ್ತೆ ಕೂಡಿಸುತ್ತಿದ್ದೆ. ಒಮ್ಮೆ, ಒಂದೇ ಒಂದು ಸಲ, ನೆಟ್ಟಗೆ ಗೆಲ್ಲಬೇಕಿತ್ತು.

ಇದರ ನಡುವೆ ಶ್ಯಾವಿಗೆಯ ಮಾತೊಂದು ಹೇಳಬೇಕು, ಯಾಕೆಂದರೆ ನನ್ನ ಮಾನ ಸಿಕ್ಕಿಕೊಂಡದ್ದು ಅಲ್ಲಿಯೇ. ಬೀಳಗಿಯ ನಮ್ಮ ಬೀಗಿತ್ತಿ ಒಮ್ಮೆ ಮಾತಿಗೆ ಮಾತು ಬಂದು, "ನಮ್ಮ ಮನ್ಯಾಗ ಮಷೀನಿನ ಶ್ಯಾವಿಗಿ ಯಾರೂ ಬಾಯಾಗ ಇಡೂದಿಲ್ರಿ" ಎಂದರು. ನಾನು ಸುಮ್ಮನಿರಬೇಕೋ ಬೇಡವೋ? "ನಮ್ಮ ಮನ್ಯಾಗೂ ಇಲ್ರಿ. ಈ ಬ್ಯಾಸಗಿಗೆ ಒಂದ ಬುಟ್ಟಿ ಕೈಶ್ಯಾವಿಗಿ ಕಳಸ್ತೀನಿ ತಗೋರಿ" ಎಂದುಬಿಟ್ಟೆ. ಮಗಳು ನನ್ನ ಮುಖ ನೋಡಿದಳು. ನನಗೆ ಶ್ಯಾವಿಗೆ ಎಳೆಯಲು ಬರುವುದಿಲ್ಲ ಎಂಬುದು ಆಕೆಗೆ ಗೊತ್ತು. ಓಣಿಯಲ್ಲಿ ಯಾರ ಮನೆಯಲ್ಲಿ ಶ್ಯಾವಿಗೆ ಮಾಡಿದರೂ ನಾನು ಹೋಗುತ್ತೇನೆ, ಅದು ಹೀಗಲ್ಲ ಹಾಗೆ ಎಂದು ನಾಲ್ಕು ಮಾತು ಹೇಳುತ್ತೇನೆ, ಚಹಾ ಆದ ಕೂಡಲೇ "ಪೇಪರ್ ತಿದ್ದೂದೈತಿ" ಎಂದು ಎದ್ದು ಬರುತ್ತೇನೆ. ಹೀಗಾಗಿ ಮುಯ್ಯಿಯ ಪ್ರಕಾರ ನನ್ನ ಮನೆಗೆ ಬರಬೇಕಾದವರು ಯಾರೂ ಇರಲಿಲ್ಲ. ಆದರೂ ಮೂವರೂ ಬರುತ್ತೇವೆಂದಿದ್ದರು. ಏಪ್ರಿಲ್‌ನ ಒಂದು ರವಿವಾರವನ್ನು ಗೊತ್ತು ಮಾಡಿದ್ದೆವು.

ಆ ರವಿವಾರಕ್ಕೆ ಹದಿನೈದು ದಿನ ಇರುವಾಗ ನಾನು ಗೆದ್ದೆ. ವಾರವಿಡೀ ನಿಯಮಗಳ ಪುಸ್ತಕ ಓದಿ, ಕೆಂಪು ಪೆನ್ನಿನಿಂದ ಗೆರೆ ಎಳೆದು ತಯಾರಾಗಿದ್ದೆ. ಆವತ್ತು ಮುಯ್ಯಿ ಇಲ್ಲ, ಒಂದು ಜಾಗಕ್ಕೆ ಒಂದೇ ಆಳು ಎಂದು ಮೊದಲೇ ಸಾರಿದೆ. ಕೊನೆಯ ಸುತ್ತಿನಲ್ಲಿ ಹಲಗೆಯ ಮೇಲೆ ಒಂದೇ ಹೊಲ ಖಾಲಿ ಇತ್ತು. ನನಗೆ ಕಾಳು ಬೇಕಿರಲಿಲ್ಲ, ಬೇಕಾದಷ್ಟು ಇತ್ತು. ಆದರೆ ಮಾಳವ್ವಕ್ಕನಿಗೆ ಬೇಕಿತ್ತು. ಆಕೆಯ ಸರದಿ ಬರುವ ಮೊದಲೇ ಆ ಹೊಲದ ಮೇಲೆ ನನ್ನ ಆಳನ್ನು ನಿಲ್ಲಿಸಿಬಿಟ್ಟೆ. ಉಣಿಸುವ ಹೊತ್ತಿಗೆ ಆಕೆಗೆ ಎರಡು ಕಾಳು ಕಡಿಮೆ ಬಿದ್ದವು. ಕಸ್ತೂರಿ ಒಂದು, ಪದ್ಮಾವತಿ ಒಂದು ಮುಂದೆ ಚಾಚಿದರು. "ಕೊಡಾಕ ಬರೂದಿಲ್ಲ. ಪುಸ್ತಕದಾಗ ಇಲ್ಲ" ಎಂದೆ.

"ಪುಸ್ತಕದಾಗ ಇಲ್ಲಂದ್ರ ಏನಾತು? ನಮ್ಮಾಗ ಐತಲ್ಲ" ಎಂದಳು ಮಾಳವ್ವಕ್ಕ. ಇಲ್ಲ, ಎರಡು ಆಳನ್ನು ಮಲಗಿಸು ಎಂದೆ. ಆಕೆ ಎರಡು ಆಳುಗಳನ್ನು ಕೈಗೆತ್ತಿಕೊಂಡಳು. "ನಮ್ಮ ಮನ್ಯಾಗ ಆಳ ಉಪಾಸ ಮಲಗಿದ ದಿನ ಇಲ್ಲ ಬೇ ಶಾರೀ. ನಮ್ಮತ್ತಿ ಕಾಲದಾಗೂ ಇಲ್ಲ, ನನ್ನ ಕಾಲದಾಗೂ ಇಲ್ಲ."

"ಅಕ್ಕಾ, ಇವು ಕಟ್ಟಿಗಿ."

"ಕಟ್ಟಿಗಿ ಅನ್ನೂದ ನನಗೂ ಗೊತ್ತೈತಿ. ಕೈ ಬರವಲ್ದು."

ನಾನೇ ಕೈ ಚಾಚಿ ಅವನ್ನು ಇಸಿದುಕೊಂಡು ಹಲಗೆಯ ಮೇಲೆ ಅಡ್ಡ ಮಲಗಿಸಿದೆ. ಅಂಕ ಕಳೆದೆ, ಕೂಡಿಸಿದೆ, ಗೆದ್ದೆ ಎಂದು ಕೂಗಿದೆ. ಪದ್ಮಾವತಿ ಕಾಳುಗಳನ್ನು ಡಬ್ಬಿಗೆ ತುಂಬತೊಡಗಿದಳು. ಕಸ್ತೂರಿ ಕೂಡ ಮೆಲ್ಲಗೆ ಮಾತಾಡಿದಳೆಂದರೆ ನೀವೇ ತಿಳಿದುಕೊಳ್ಳಿ. ಮಾಳವ್ವಕ್ಕ ಎದ್ದು ಸೆರಗು ಸರಿಮಾಡಿಕೊಂಡು, "ಬರ್ತೇನ್ರಿ ಅಕ್ಕೋರ" ಎಂದಳು. ಶಾರೀ ಅಲ್ಲ, ಬೇ ಅಲ್ಲ, ಶಾಲೆಯವರು ಕರೆಯುವಂತೆ ಅಕ್ಕೋರ! ಅಷ್ಟು ಮರ್ಯಾದೆ ಕೊಟ್ಟು ನನ್ನನ್ನು ಯಾರೂ ಬೈದಿರಲಿಲ್ಲ. ಒಳಗಿಂದ ನಮ್ಮ ಯಜಮಾನರು ಬಂದು, "ಏನಾತು?" ಎಂದರು. "ಗೆದ್ದೆ" ಎಂದೆ. "ಯಾರ ಮ್ಯಾಲೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೂಸಲಾದ ಬುಟ್ಟಿ ಎತ್ತಿಕೊಂಡು ಹೋದರು.

ಮುಂದಿನ ರವಿವಾರ ಹಲಗೆ ಹಾಸಿ ಕೂತೆ. ಮೂರಾಯಿತು, ನಾಲ್ಕಾಯಿತು, ಯಾರೂ ಬರಲಿಲ್ಲ. ಸೂಸಲಾ ಮೆತ್ತಗಾಯಿತು. ಒಂದು ಫೋನು ಮಾಡಬಹುದಿತ್ತು. ಆದರೆ ಮಂದಿಯನ್ನು ಕೆಲಸಕ್ಕೆ ಹಚ್ಚುವವರಿಗೆ ಇರುವ ದೊಡ್ಡ ರೋಗವೆಂದರೆ, ಹೇಳಲು ಬರುತ್ತದೆ, ಕೇಳಲು ಬರುವುದಿಲ್ಲ. ವಾರವಿಡೀ ಫೋನನ್ನು ನೋಡುತ್ತ ಕಳೆದೆ. ಶ್ಯಾವಿಗೆಗೆಂದು ಗೋಧಿ ಒಡೆಸಿ, ಸೋಸಿ, ರವೆ ತೆಗೆದಿಟ್ಟದ್ದಾಗಿತ್ತು. ಬೀಗಿತ್ತಿ ಬೇರೆ ಎರಡು ಸಲ, "ಶ್ಯಾವಿಗಿ ಆದುವೇನ್ರಿ?" ಎಂದು ಕೇಳಿದ್ದರು. ಗೊತ್ತು ಮಾಡಿದ ರವಿವಾರ ಬೆಳಿಗ್ಗೆ, ಬಂದೇ ಬರುತ್ತಾರೆ ಎಂಬ ಹಟದಿಂದ ಹಿಟ್ಟು ನಾದಿಬಿಟ್ಟೆ. ನಾದಿದ ಹಿಟ್ಟು ಯಾರ ಮುಲಾಜಿಗೂ ಕಾಯುವುದಿಲ್ಲ, ಅದೇ ದಿನ ಎಳೆಯಬೇಕು. ಹೊರಸಿನ ಮಂಚಕ್ಕೆ ಶ್ಯಾವಿಗೆ ಮಣೆ ಇಳಿಜಾರಾಗಿ ಆನಿಸಿ, ಅಂಗಳದಲ್ಲಿ ಒಣಹಾಕುವ ಕೋಲು ಕಟ್ಟಿ ಕಾದೆ. ಒಂಬತ್ತಾಯಿತು, ಹತ್ತಾಯಿತು.

ಕೊನೆಗೆ ಉಳಿದ ಒಂದೇ ಆಳನ್ನು ಮಣೆಯ ಮೇಲೆ ಕೂಡಿಸಿದೆ. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ನೌಕರಿ ಮಾಡುವವರು, ಹಿಟ್ಟು ಮುಟ್ಟಿದ ಮನುಷ್ಯ ಅಲ್ಲ. ಹೀಗೆ ತಿಕ್ಕಿ, ಹಾಗೆ ಎಳೆಯಿರಿ ಎಂದು ನಾನು ಹೇಳುತ್ತ ಹೋದೆ. ಅವರು ಎಳೆದದ್ದು ದನ ಕಟ್ಟುವ ಹಗ್ಗದಷ್ಟು ದಪ್ಪ ಬಂತು. "ಇದಕ್ಕ ಏನಂತಾರ?" ಎಂದರು ಬೆವರು ಒರೆಸಿಕೊಳ್ಳುತ್ತ. "ಶ್ಯಾವಿಗಿ" ಎಂದೆ. "ಬೀಗರಿಗೆ ಕಟ್ಟಾಕೋ, ಕುದಸಾಕೋ?" ಎಂದರು. ನನಗೆ ಅಳು ಬಂತು. ನಗುವ ವಿಷಯಕ್ಕೆ ಅತ್ತದ್ದು ಅದೇ ಮೊದಲು.

ಅಷ್ಟರಲ್ಲಿ ಬಾಗಿಲಲ್ಲಿ ಕಸ್ತೂರಿಯ ದನಿ ಕೇಳಿಸಿತು. ಮೊದಲು ಮಾಳವ್ವಕ್ಕ, ಆಕೆಯ ಹಿಂದೆ ಇಬ್ಬರು ಸೊಸೆಯರು, ಹಿಂದೆ ಕಸ್ತೂರಿ, ಪದ್ಮಾವತಿ. "ಕರೆಂಟ್ ಈಗ ಹೋತ ನೋಡ. ಇದ್ದಾಗ ಕಬ್ಬಿಗೆ ನೀರ ಹಾಯಿಸಿ ಬರೂದ ತಡ ಆತು" ಎನ್ನುತ್ತ ಮಾಳವ್ವಕ್ಕ ಕೈತೊಳೆದಳು. "ಅಕ್ಕಾ, ನಿನಗ ಸಿಟ್ಟ ಬಂದೈತಿ ಅಂತ..." ಎಂದೆ.

"ಬಂದಿತ್ತು. ಈಗೂ ಐತಿ. ಸಿಟ್ಟ ಬ್ಯಾರೆ, ಶ್ಯಾವಿಗಿ ಬ್ಯಾರೆ. ಸಿಟ್ಟಂತ ನಾದಿದ ಹಿಟ್ಟ ಕೆಡಸ್ತಾರೇನ ಬೇ?"

ಬೇ ಎಂದಳು! ನನ್ನ ಎದೆಯ ಮೇಲಿನ ಒಳ್ಳುಕಲ್ಲು ಇಳಿದಂತಾಯಿತು. ಆಮೇಲೆ ಆಕೆ ಮಂದಿಯನ್ನು ಹಚ್ಚಿದ ರೀತಿ ನೋಡಬೇಕಿತ್ತು. ಯಾವ ಪಟ್ಟಿಯೂ ಇಲ್ಲ, ಕೆಂಪು ಪೆನ್ನೂ ಇಲ್ಲ. ದೊಡ್ಡ ಸೊಸೆ ಮಣೆಯ ಮೇಲೆ, ಸಣ್ಣಾಕಿ ಕೆಳಗೆ ಎಳೆ ಹಿಡಿಯಲು. ಕಸ್ತೂರಿ ಕೋಲಿಗೆ ಹಾಕಲು, ನೂಲಿನ ಕೈ ಆಕೆಯದು, ಒಂದೆಳೆ ಹರಿಯಲಿಲ್ಲ. ಪದ್ಮಾವತಿ ಹಿಟ್ಟು ಕುಟ್ಟಿ ಹದ ಮಾಡಲು. ಯಜಮಾನರಿಗೆ ಚಹಾ. ನಾನೆಲ್ಲಿ ಕೂಡಲಿ ಎಂದು ಕೇಳಿದೆ. ಹುಟ್ಟಿದಾಗಿನಿಂದ ಯಾರನ್ನೂ ಆ ಪ್ರಶ್ನೆ ಕೇಳಿದ ನೆನಪಿಲ್ಲ. ಮಾಳವ್ವಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಸೋಗೆ ಗರಿ ಕೈಗೆ ಕೊಟ್ಟು, "ನೀ ಕಾಗಿ ಹೊಡಿ" ಎಂದಳು. ಬಿಸಿಲಲ್ಲಿ ಐದು ಗಂಟೆಯವರೆಗೆ ಕಾಗೆ ಓಡಿಸಿದೆ. ಆ ಜಾಗಕ್ಕೆ ಬೇರೆ ಯಾರೂ ಪೈಪೋಟಿಗೆ ಬರಲಿಲ್ಲ. ನಮ್ಮ ಪಿ.ಟಿ. ಮಾಸ್ತರರ ನೆನಪು ಮಾತ್ರ ಒಂದೆರಡು ಸಲ ಬಂತು. ಹೊತ್ತು ಮುಳುಗುವ ಮೊದಲು ಎಲ್ಲರಿಗೂ ಊಟಕ್ಕೆ ಬಡಿಸಿದೆ, ಯಾರೂ ಉಪವಾಸ ಹೋಗಲಿಲ್ಲ. ಬುಟ್ಟಿ ಬೀಳಗಿ ಮುಟ್ಟಿದ ಮೇಲೆ ಬೀಗಿತ್ತಿ ಫೋನು ಮಾಡಿ, ಕೂದಲಿನಂಥ ಶ್ಯಾವಿಗೆ ಎಂದು ಹೊಗಳಿದರು. ತಳದಲ್ಲಿ ಒಂದಿಷ್ಟು ದಪ್ಪನೆಯವು ಯಾಕೆ ಇದ್ದವು ಎಂದೂ ಕೇಳಿದರು. ಅವು ಉಪ್ಪಿಟ್ಟಿನವು ಎಂದೆ.

ಅದರ ಮುಂದಿನ ರವಿವಾರ ಮತ್ತೆ ಹಲಗೆ ಹಾಸಿದೆವು. ಉಣಿಸುವ ಹೊತ್ತಿಗೆ, ದೇವರ ಆಟ ನೋಡಿ, ನನಗೇ ಎರಡು ಕಾಳು ಕಡಿಮೆ ಬಿದ್ದವು. ಮೂವರ ಮುಂದೆಯೂ ಕಾಳಿನ ಗುಡ್ಡೆ ಇತ್ತು, ಮೂವರೂ ತಲೆ ಎತ್ತಿ ಮಾಳಿಗೆಯ ಜಂತಿ ನೋಡುತ್ತಿದ್ದರು. "ಕೇಳ ಬೇ, ಕೇಳಿದ್ರ ಕೊಡ್ತೇವಿ" ಎಂದಳು ಮಾಳವ್ವಕ್ಕ. ಒಂದು ಗುಟುಕು ನೀರು ಕುಡಿದು, "ಎರಡ ಕಾಳ ಕೊಡ್ರಿ" ಎಂದೆ. ಕೊಟ್ಟರು. ನನ್ನ ಆಳುಗಳು ನಿಂತೇ ಇದ್ದವು. ಅಷ್ಟಾದರೂ ಸೋತೆ, ಆ ಮಾತು ಬೇರೆ. ಸೋತ ಸಂತೋಷಕ್ಕೆ ನಿಯಮಗಳ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಹೊಸ ನಿಯಮ ಬರೆದೆ. "ಏನ ಬರದಿ? ಓದ, ನಾ ಚಾಳೀಸ ತಂದಿಲ್ಲ" ಎಂದಳು ಮಾಳವ್ವಕ್ಕ. "ಕಾಳು ಕೇಳಿದವರಿಗೆ ಕೊಡಬೇಕು" ಎಂದು ಓದಿದೆ. ಆಕೆ ಖುಷಿಯಿಂದ ತಲೆಯಾಡಿಸಿದಳು. ಅದರ ಕೆಳಗೆ "ಒಬ್ಬರಿಗೆ ಎರಡಕ್ಕಿಂತ ಹೆಚ್ಚಿಲ್ಲ" ಎಂಬ ಇನ್ನೊಂದು ಸಾಲಿತ್ತು. ಅದನ್ನು ಓದಲಿಲ್ಲ.