ಪೀಣ್ಯದ ಜಂಬೂ ಸವಾರಿ

“ಈ ವರ್ಷ ನಮ್ಮನೇಲಿ ಗೊಂಬೆ ಕೂರೋದಿಲ್ಲ ಕಣೇ, ಓಡುತ್ವೆ!”

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ನವರಾತ್ರಿಗೆ ಇನ್ನೆರಡು ದಿನವಿದೆ ಎನ್ನುವಾಗ, ಪೀಣ್ಯದ ಬಾಡಿಗೆ ಮನೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಉಪೇಂದ್ರ ಈ ಘೋಷಣೆ ಹೊರಡಿಸಿದ. ಹೆಂಡತಿ ಸುಬ್ಬಲಕ್ಷ್ಮಿ ಟ್ರಂಕಿನಿಂದ ಪಟ್ಟದ ಗೊಂಬೆಗಳನ್ನು ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅವು ಓಡ್ಲಿ. ನೀವು ಒಂದ್ಕಡೆ ಕೂತ್ಕೊಳ್ಳಿ, ಸಾಕು.”

ಅಲ್ಲಿಗೆ ಉಪೇಂದ್ರನ ಕಿವಿ ಕೆಂಪಾಯಿತು. ಅವನು ಮಿಷನ್ ಟೂಲ್ಸ್ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅವನ ಕೋಪ ಇಡೀ ಪೀಣ್ಯದಲ್ಲಿ ಹೆಸರುವಾಸಿ. ಸಿಟ್ಟು ಬಂದಾಗ ಫಿಟರುಗಳು ಅವನ ಕಿವಿಗೆ ಬೀಡಿ ತಾಗಿಸಿ ಹೊತ್ತಿಸಿಕೊಳ್ಳುತ್ತಿದ್ದರಂತೆ! ಕಾರ್ಖಾನೆಗೆ ಬೆಂಕಿಪೊಟ್ಟಣದ ಖರ್ಚೇ ಇರಲಿಲ್ಲವಂತೆ!

ಆದರೆ ಈ ಸಲದ ಗೊಂಬೆ ಕಾರುಬಾರಿನ ಹಿಂದೆ ಘನವಾದ ಕಾರಣವಿತ್ತು. ಕಾರ್ಖಾನೆಗೆ ಜಪಾನಿನಿಂದ ಗ್ರೈಂಡಿಂಗ್ ಮಿಷನ್ ಬಂದಿತ್ತು. ಅದನ್ನು ಕೂರಿಸಲು ನಿಶಿಮುರಾ ಎಂಬ ಎಂಜಿನಿಯರೂ ಬಂದಿದ್ದರು. ಹಿಂದಿರುಗುವಾಗ ಅವರು ಆರು ತಿಂಗಳ ತರಬೇತಿಗೆಂದು ಒಬ್ಬನನ್ನು, ಒಬ್ಬನನ್ನೇ, ಒಸಾಕಾಗೆ ಆರಿಸಬೇಕಿತ್ತು. ಆ ಒಬ್ಬ ತಾನೇ ಎಂದು ಉಪೇಂದ್ರನಿಗೆ ಎಂಥ ಖಾತ್ರಿಯೆಂದರೆ, ಆಗಲೇ ಒಂದು ಉಣ್ಣೆ ಟೊಪ್ಪಿ ಕೊಂಡು, ಅದನ್ನು ಹಾಕಿಕೊಂಡೇ ಮಲಗಿ, ಬೆಳಗ್ಗೆ ದಿಂಬು ಹಿಂಡುತ್ತಿದ್ದ. ಬೆವರು, ಒಂದು ಚೊಂಬು!

“ಅಲ್ವೇ, ನಿಶಿಮುರಾ ಅವರನ್ನ ಆಯುಧಪೂಜೆ ದಿನ ಗೊಂಬೆ ನೋಡೋಕೆ ಕರೆದಿದ್ದೀನಿ. ಅವರು ಜನ್ಮದಲ್ಲಿ ಕಂಡಿರಬಾರದು, ಅಂಥದ್ದು ತೋರಿಸ್ಬೇಕು. ನಮ್ಮ ಸಂಸ್ಕೃತಿ! ನಮ್ಮ ಟೆಕ್ನಾಲಜಿ! ಎರಡೂ ಒಂದೇ ಮೆಟ್ಟಿಲ ಮೇಲೆ!”

“ಮೆಟ್ಟಿಲ ಮೇಲೆ ನಮ್ಮಮ್ಮ ಕೊಟ್ಟ ಗೊಂಬೆ ಇರುತ್ವೆ. ಅವಕ್ಕೆ ಏನಾದ್ರೂ ಆದ್ರೆ ನಿಮ್ಮ ಟೆಕ್ನಾಲಜಿನ ಬಚ್ಚಲ ಒಲೆಗೆ ಹಾಕ್ತೀನಿ.”

ಕಾಮಗಾರಿ ಆರಂಭವಾಯಿತು. ಹಳೆಯ ಸೈಕಲ್ ಚಕ್ರವೊಂದನ್ನು ಅಡ್ಡ ಮಲಗಿಸಿ, ಅದರ ಮೇಲೆ ಹಲಗೆ ಬಡಿದು, ಹಸಿರು ಕಾಗದ ಅಂಟಿಸಿ, ಉಪೇಂದ್ರ ಮೂರನೆಯ ಮೆಟ್ಟಿಲಿನಲ್ಲಿ ಮೈಸೂರನ್ನೇ ಸ್ಥಾಪಿಸಿದ. ಅಂಬಾರಿ ಹೊತ್ತ ಮರದ ಆನೆ, ಅದರ ಹಿಂದೆ ಕುದುರೆ, ಕುದುರೆಯ ಹಿಂದೆ ವಾಲಗದವರು, ಸಿಪಾಯಿಗಳು. ಚಕ್ರ ತಿರುಗಿದರೆ ಜಂಬೂ ಸವಾರಿ! ತಿರುಗಿಸಲು ಮೋಟರು ಬೇಕಲ್ಲ?

ನವರಾತ್ರಿಯ ಮೊದಲ ದಿನ ಸುಬ್ಬಲಕ್ಷ್ಮಿ ರವಿಕೆ ಹೊಲಿಯಲು ಕೂತು ಪೆಡಲು ಒತ್ತಿದಳು. ಒತ್ತಿದಳು. ಮತ್ತೂ ಒತ್ತಿದಳು. ಬಗ್ಗಿ ನೋಡಿದಳು.

“ಏನ್ರೀ! ನನ್ನ ಹೊಲಿಗೆ ಮಿಷನ್ ಮೋಟ್ರು ಎಲ್ಲಿ?”

“ಡೆಪ್ಯುಟೇಶನ್ ಮೇಲೆ ಹೋಗಿದೆ.”

“ಭದ್ರಮ್ಮನ ರವಿಕೆಗೆ ಒಂದೇ ತೋಳು ಆಗಿದೆ ಕಣ್ರೀ! ಇನ್ನೊಂದು ತೋಳಿಗೆ ನಿಮ್ಮ ಉಣ್ಣೆ ಟೊಪ್ಪಿ ಜೋಡಿಸ್ಲಾ?”

ಭದ್ರಮ್ಮ ಮನೆಯ ಒಡತಿ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಆರು ಬಾಡಿಗೆ ಮನೆ ಬೆಳೆದಿದ್ದ ಹೆಂಗಸು. ಅವಳ ರವಿಕೆ ತಡವಾದರೆ ನಲ್ಲಿ ನೀರೂ ತಡವಾಗುತ್ತಿತ್ತು. ಅದಕ್ಕೆಲ್ಲ ಉಪೇಂದ್ರ ಹೆದರುವವನಲ್ಲ. “ಒಂಬತ್ತು ದಿನ ಒಂದ್ ತೋಳಲ್ಲಿ ಇರ್ಲಿ!” ಎಂದು ಅಬ್ಬರಿಸಿ, ಆಮೇಲೆ ಭದ್ರಮ್ಮ ಹೊರಗೆ ನಿಂತಿಲ್ಲವಷ್ಟೆ ಎಂದು ಕಿಟಕಿಯಲ್ಲಿ ಇಣುಕಿ ನೋಡಿದ.

ಸಂಜೆ ಮೊದಲ ಪರೀಕ್ಷೆ. ಮೋಟರು ಗೊಣಗಿತು, ಆನೆ ಅಲುಗಲಿಲ್ಲ. ಆಶ್ಚರ್ಯವೇನಿಲ್ಲ. ಪೀಣ್ಯದಲ್ಲಿ ಸಾವಿರ ಕಾರ್ಖಾನೆ. ಅವೆಲ್ಲ ಕುಡಿದು ಮಿಕ್ಕಿದ ಕರೆಂಟು ಮನೆಗಳಿಗೆ. ಸಂಜೆ ಬಲ್ಬು ಹೊತ್ತಿದೆಯೋ ಇಲ್ಲವೋ ಎಂದು ನೋಡಲು ಬೆಂಕಿಕಡ್ಡಿ ಗೀಚಬೇಕಿತ್ತು! ಇಂಥ ಬಡಕಲು ಕರೆಂಟಿನಲ್ಲಿ ಆನೆ ಎಳೆಯುವುದೆಂದರೆ ಹುಡುಗಾಟವೇ? ಉಪೇಂದ್ರನಿಗೆ ಸಿಟ್ಟು ನೆತ್ತಿಗೇರಿತು. ವೇಗ ತಗ್ಗಿಸುವ ಪೆಡಲೇ ಬೇಡವೆಂದು ವೈರನ್ನು ನೇರ ಕೊಟ್ಟ. ಆನೆ ತೆವಳಿತು. ವೇಗ ಸಾಲದೆಂದು ಮೋಟರಿಗೆ ಬೆಲ್ಟಿನ ದೊಡ್ಡ ಪುಲ್ಲಿ ಹಾಕಿದ. ಮರುದಿನ ಅದಕ್ಕಿಂತ ದೊಡ್ಡದು. ಎಂಟನೆಯ ಸಂಜೆಗೆ ಆನೆ ನಿಮಿಷಕ್ಕೊಂದು ಸುತ್ತು, ರಾಜಗಾಂಭೀರ್ಯದಿಂದ, ತೂಗಾಡುತ್ತ ಹೊರಟಿತು. ಅವನ ಕಣ್ಣಲ್ಲಿ ನೀರು ಬಂತು.

“ಸ್ವಿಚ್ಚು ಎಲ್ರೀ ಇದಕ್ಕೆ?” ಎಂದಳು ಸುಬ್ಬಲಕ್ಷ್ಮಿ.

“ಸ್ವಿಚ್ ಯಾಕೆ? ಎರಡು ವೈರು ಪ್ಲಗ್ಗಿನ ತೂತಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕಿದ್ರೆ ಓಡುತ್ತೆ.”

“ನಿಲ್ಲಿಸ್ಬೇಕಾದ್ರೆ?”

“ನಿಲ್ಲಿಸೋಕೆ ಯಾರೇ ಮಿಷನ್ ಮಾಡ್ತಾರೆ? ಅಪಶಕುನ ನುಡೀತಾಳೆ!”

ಆಯುಧಪೂಜೆ ಬಂತು. ಬೆಳಗ್ಗೆ ಕಾರ್ಖಾನೆಗೆ ಬಂದ ನಿಶಿಮುರಾ ತಮ್ಮ ಮಿಷನ್ನನ್ನು ಗುರುತಿಸಲಿಲ್ಲ. ಬಾಳೆಕಂದಿನ ನಡುವೆ, ಚೆಂಡುಹೂವಿನ ಹಾರದೊಳಗೆ, ಮೂತಿಗೆಲ್ಲ ವಿಭೂತಿ ಬಳಿದುಕೊಂಡು ಅದು ಮದುವೆ ಗಂಡಿನಂತೆ ನಿಂತಿತ್ತು. ಕೂದಲೆಳೆಯ ನೂರರಲ್ಲೊಂದು ಭಾಗ ಧೂಳು ಬಿದ್ದರೂ ಊಟ ಬಿಡುವ ಆಸಾಮಿ, ಅದರ ಉಕ್ಕಿನ ಹಾಸಿನ ಮೇಲೆ ಬಟ್ಟಲಗಲದ ಕುಂಕುಮ ಕಂಡು ಗೋಡೆ ಹಿಡಿದುಕೊಂಡರು. ಅವರ ಇಂಗ್ಲಿಷು ಒಂದೊಂದೇ ಪದವಾಗಿ ಉದುರುತ್ತಿತ್ತು. ಉಪೇಂದ್ರನದೂ ಅದೇ ಜಾತಿಯದು, ಹಾಗಾಗಿ ಇಬ್ಬರಿಗೂ ಸೊಗಸಾಗಿ ಅರ್ಥವಾಗುತ್ತಿತ್ತು, ಜಪಾನಿನ ‘ಸಾನ್’ ಎಂದರೆ ನಮ್ಮ ‘ಅವರೇ’ ಎಂಬುದೂ.

“ಉಪೇಂದ್ರ-ಸಾನ್. ಇಂದು, ಕೆಲಸ?”

“ಇಲ್ಲ ಸಾರ್. ಇವತ್ತು ಮಿಷನ್ನು ದೇವರು. ನಾಡಿದ್ದು ಮತ್ತೆ ಮಿಷನ್ನು.”

ನಿಶಿಮುರಾ ತಾವೇ ಕೂರಿಸಿದ ಮಿಷನ್ನಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಹೊರಗೆ ಬೂದುಗುಂಬಳ ಒಡೆದು, ಮಧ್ಯಾಹ್ನಕ್ಕೆ ಕಾರ್ಖಾನೆಗೆ ಬೀಗ ಬಿತ್ತು. ಆ ಕಾರ್ಖಾನೆಗೆ ಮಾತ್ರವಲ್ಲ, ಸಾವಿರಕ್ಕೂ!

ಸಂಜೆ ಆರೂವರೆಗೆ ಅತಿಥಿ ಮನೆಗೆ ಬಂದರು. ಭದ್ರಮ್ಮನೂ ಒಂದೇ ತೋಳಿನ ಸಿಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಜಪಾನಿನವರು ಹೇಗಿರುತ್ತಾರೆಂದು ನೋಡಲು ಬಂದು ಕೂತಿದ್ದಳು. ಬಲ್ಬು ಹಾಕಿದರೆ ಗೋಡೆಯ ಮೇಲಿನ ಇರುವೆಯ ನೆರಳೂ ಕಂಡಿತು.

“ಏನ್ರೀ, ಬಲ್ಬು ಯಾಕೋ ಕಣ್ಣು ಕುಕ್ತಾ ಇದೆ,” ಎಂದು ಸುಬ್ಬಲಕ್ಷ್ಮಿ ಪಿಸುಗುಟ್ಟಿದಳು.

“ನಿನ್ನ ಕಣ್ಣಿಗೆ ಒಳ್ಳೇದು ಯಾವತ್ತು ಹಿಡಿಸಿದೆ! ಬಲ್ಬೂ ಅತಿಥಿಗೆ ಮರ್ಯಾದೆ ಕೊಡ್ತಿದೆ ಕಣೇ.”

ನಿಶಿಮುರಾ ಕೋಸಂಬರಿ ತಟ್ಟೆ ಹಿಡಿದು ಗೊಂಬೆಗಳ ಮುಂದೆ ಮಂಡಿಯೂರಿ ಕೂತರು. ಮೇಲಿನ ಮೆಟ್ಟಿಲಲ್ಲಿ ರಾಜ, ರಾಣಿ. ಕೆಳಗೆ ಪರಿವಾರ. ಅವರ ಮುಖ ಅರಳಿತು.

“ಓ! ನಮ್ಮಲ್ಲೂ! ನನ್ನ ಮಗಳು. ಮಾರ್ಚ್ ತಿಂಗಳು. ಮೆಟ್ಟಿಲು, ಕೆಂಪು ಬಟ್ಟೆ. ಮೇಲೆ ರಾಜ, ರಾಣಿ. ಇದೇ! ಇದೇ!”

ಸುಬ್ಬಲಕ್ಷ್ಮಿಗೆ ಕಣ್ಣು ತುಂಬಿತು. “ಅಯ್ಯೋ, ಅಷ್ಟು ದೂರದಲ್ಲೂ ಗೊಂಬೆ ಕೂರಿಸ್ತಾರಂತೆ ಕಣ್ರೀ ಭದ್ರಮ್ಮ!”

“ಇನ್ನೇನು ಮತ್ತೆ? ಎಣ್ಮಕ್ಕಳು ಇದ್ಮೇಲೆ ಎಲ್ಲಾ ಕಡೆ ಅಂಗೇಯಾ,” ಎಂದಳು ಭದ್ರಮ್ಮ. “ನಿಸಿಮೂರಪ್ಪಾ, ಇನ್ನೊಂಚೂರು ಕೋಸುಂಬ್ರಿ ತಿನ್ನಪ್ಪಾ.”

ಉರಿದುಹೋದವನು ಉಪೇಂದ್ರನೊಬ್ಬನೇ. ಏನಿದು ಅನ್ಯಾಯ! ರೇಡಿಯೋ ಅವರದ್ದು, ಕ್ಯಾಮೆರಾ ಅವರದ್ದು, ಗ್ರೈಂಡಿಂಗ್ ಮಿಷನ್ನೂ ಅವರದ್ದು, ಈಗ ಗೊಂಬೆ ಹಬ್ಬವೂ ಅವರದ್ದೇ? ಹಾಗಾದರೆ ಉಪೇಂದ್ರನದ್ದು ಅಂತ ಈ ಲೋಕದಲ್ಲಿ ಉಳಿದದ್ದೇನು? ಒಸಾಕಾ ಬೆರಳ ಸಂದಿಯಿಂದ ಜಾರುತ್ತಿರುವಂತೆ ಅವನಿಗೆ ಕಂಡಿತು.

“ಸಾರ್! ನಿಮ್ಮ ಗೊಂಬೆ ಓಡುತ್ವಾ?”

“ಇಲ್ಲ. ಕೂರುತ್ತವೆ. ನಾವೂ ಕೂರುತ್ತೇವೆ.”

“ಹಾಗಾದ್ರೆ ನೋಡಿ!”

“ಬೇಡ ರೀ, ಆರತಿ ಆಗ್ಲಿ...” ಎಂದು ಹೆಂಡತಿ ಕೈ ಚಾಚುವಷ್ಟರಲ್ಲಿ ಉಪೇಂದ್ರ ಮೆಟ್ಟಿಲ ಹಿಂದೆ ನುಗ್ಗಿ ಎರಡೂ ವೈರನ್ನು ಪ್ಲಗ್ಗಿಗೆ ತುರುಕಿ ಕಡ್ಡಿ ಜಡಿದು ಬಂದ.

ಸಾವಿರ ಕಾರ್ಖಾನೆಗೆ ಬೀಗ ಬಿದ್ದ ಸಂಜೆ ಅದು. ಇಡೀ ಪೀಣ್ಯದ ಕರೆಂಟು, ಬೇರೆಲ್ಲೂ ಕೆಲಸವಿಲ್ಲದೆ, ಉಪೇಂದ್ರನ ಮನೆಗೆ ಗೊಂಬೆ ನೋಡಲು ಬಂದಿತ್ತು!

ಆನೆ ಮೊದಲ ಸುತ್ತು ಕಂಡಿತು. ಎರಡನೆಯದು ಕಾಣಲಿಲ್ಲ. ಮೂರನೆಯದಕ್ಕೆ ಜಂಬೂ ಸವಾರಿ ಎಂಬುದು ಬರೀ ಒಂದು ಕಂದು ಗೆರೆಯಾಗಿ, ಊಳಿಡುವ ಸದ್ದಾಗಿ ಮಾರ್ಪಟ್ಟಿತು. ಮೊದಲು ಸಿಪಾಯಿಗಳು ಸೇವೆಯಿಂದ ನಿವೃತ್ತರಾಗಿ ಹಾರಿದರು. ನಾಗಸ್ವರದವನು ನೇರ ಹೋಗಿ ಭದ್ರಮ್ಮನ ಮುಂದಿದ್ದ ಕುಂಕುಮದ ತಟ್ಟೆಯಲ್ಲಿ ಇಳಿದ. ಒಂದು ಕುದುರೆ ಕಿಟಕಿಯಿಂದ ಹೊರಟು ಚಿಕ್ಕಬಾಣಾವರದ ದಿಕ್ಕು ಹಿಡಿಯಿತು. ಇಂದಿಗೂ ಸಿಕ್ಕಿಲ್ಲ. ಸಿಪಾಯಿಯೊಬ್ಬ ಬಡಿದ ಹೊಡೆತಕ್ಕೆ ಕೆಳಗಿನ ಮೆಟ್ಟಿಲಿನ ಶೆಟ್ಟಿ ಗೊಂಬೆಯ ಅಂಗಡಿಯ ಅಕ್ಕಿ, ಬೇಳೆ, ಬೆಲ್ಲ ಎಲ್ಲ ಸೀಲಿಂಗಿಗೆ ಬಡಿದು ಮಳೆಗರೆದವು.

“ಏನ್ಲಾ ಉಪೇಂದ್ರಪ್ಪಾ, ಆನೆಗೆ ಮದ ಬಂದೈತೆ! ಇಡ್ಕಳಲಾ!” ಎಂದು ಭದ್ರಮ್ಮ ಮಂಚದ ಕೆಳಗಿನಿಂದ ಕೂಗಿದಳು. ಅವಳು ಅಲ್ಲಿಗೆ ಯಾವಾಗ ಹೋದಳೆಂದು ಯಾರೂ ನೋಡಿರಲಿಲ್ಲ.

“ನಿಲ್ಲೋ! ನಿಲ್ಲೋ ದರಿದ್ರದ್ದೇ! ಫೋರ್‌ಮನ್ ಹೇಳ್ತಾ ಇದ್ದೀನಿ!” ಎಂದು ಉಪೇಂದ್ರ ಆನೆಯನ್ನು ಬೈಯತೊಡಗಿದ. ಪ್ಲಗ್ಗಿನ ಹತ್ತಿರ ಹೋಗಬೇಕಾದರೆ ಆನೆಯ ಪಥವನ್ನು ದಾಟಬೇಕು. ದಾಟಲು ಬಗ್ಗಿದ. ಅಂಬಾರಿ ಕಳಚಿ ಬಂದು ಬೆನ್ನಿಗೆ ಬಿತ್ತು. ಹಿಂದೆಯೇ ಹೊರಟ ಆನೆ, ನಡುವೆ ಎಲ್ಲೂ ನಿಲ್ಲದೆ, ನಿಶಿಮುರಾರ ಹಣೆ ಸೇರಿತು. ಅವರು ಕೋಸಂಬರಿ ತಟ್ಟೆಯನ್ನು ಎರಡೂ ಕೈಯಲ್ಲಿ ಮುಖಕ್ಕೆ ಹಿಡಿದುಕೊಂಡು, “ಸ್ಟಾಪ್! ಸ್ಟಾಪ್ ಬಟನ್! ಎಲ್ಲಿ?” ಎಂದು ಕೇಳಿದರು.

ಅಷ್ಟರಲ್ಲಿ ಕತ್ತಲಾಯಿತು. ಸದ್ದು ಅಡಗಿತು. ದೀಪದ ಕಂಬದ ಎಣ್ಣೆ ದೀಪವೊಂದೇ ಉಳಿಯಿತು.

ಬಾಗಿಲಾಚೆ, ಗೋಡೆಯ ಎತ್ತರದ ಮೇಯಿನ್ ಸ್ವಿಚ್ಚಿನ ಕೆಳಗೆ, ಮರದ ಮಣೆಯ ಮೇಲೆ ತುದಿಗಾಲಲ್ಲಿ ಸುಬ್ಬಲಕ್ಷ್ಮಿ ನಿಂತಿದ್ದಳು. ಕೈಯಲ್ಲಿ ಬಟ್ಟೆ ಒಣಹಾಕುವ ಕೋಲು. ಇಳಿದು ಬಂದವಳೇ ಯಾರನ್ನೂ ನೋಡದೆ, ಮೇಲಿನ ಮೆಟ್ಟಿಲಿನ ರಾಜ ರಾಣಿಯನ್ನು ಎತ್ತಿ ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. ಗಾಯವಿರಲಿಲ್ಲ. ಆಮೇಲೆ ಗಂಡನನ್ನು ನೋಡಿದಳು. ಆ ನೋಟಕ್ಕೆ ಇನ್ನೂರೈವತ್ತು ವೋಲ್ಟೂ ತಲೆತಗ್ಗಿಸಬೇಕು!

ವಿಜಯದಶಮಿ ಕಳೆದ ಮರುದಿನ ವರ್ಕ್ಸ್ ಮ್ಯಾನೇಜರ್ ರಾಮಪ್ರಸಾದರ ಕೋಣೆಯಲ್ಲಿ ತೀರ್ಪು. ನಿಶಿಮುರಾರ ಹಣೆಯ ಮೇಲೆ ಅಂಟುಪಟ್ಟಿ. ಉಪೇಂದ್ರ ಬೆನ್ನು ಹಿಡಿದುಕೊಂಡು ನಿಂತಿದ್ದ. ಅಷ್ಟಾದರೂ ಆಸೆ ಸತ್ತಿರಲಿಲ್ಲ. ಮೋಟರು ಓಡಿತ್ತು ತಾನೆ? ಬೇಕಾದ್ದಕ್ಕಿಂತ ಹೆಚ್ಚೇ ಓಡಿತ್ತು!

“ಉಪೇಂದ್ರ-ಸಾನ್ ಮನೆ. ನೋಡಿದೆ,” ಎಂದರು ನಿಶಿಮುರಾ. “ಮೋಟರು, ಇತ್ತು. ಪುಲ್ಲಿ, ಇತ್ತು. ವೇಗ, ಬಹಳ ಇತ್ತು. ಸ್ವಿಚ್ಚು, ಇಲ್ಲ. ಈ ಮನುಷ್ಯ ನಮ್ಮ ವಿಮಾನ ಹತ್ತುವುದು, ಬೇಡ.”

ಉಪೇಂದ್ರನ ಕಿವಿ ಕೆಂಪಾಗಲೂ ಮರೆತು ಬೆಳ್ಳಗಾಯಿತು.

“ಆದರೆ ಅಲ್ಲಿ ಇನ್ನೊಬ್ಬರು. ಎಲ್ಲರೂ ಕೂಗಿದರು, ಅವರು ಕೂಗಲಿಲ್ಲ. ಕಾಲ ಕೆಳಗೆ ಮರ, ಕೈಯಲ್ಲಿ ಒಣ ಮರ. ಮೇಯಿನ್ ಸ್ವಿಚ್, ಆಫ್! ಆರು ಸೆಕೆಂಡ್! ಇಂಥ ಆಪರೇಟರ್, ಒಸಾಕಾದಲ್ಲೂ ಇಲ್ಲ. ಅವರನ್ನು ಕಳಿಸಿ.”

ರಾಮಪ್ರಸಾದರಿಗೆ ಸಂತೋಷ ತಡೆಯಲಾಗಲಿಲ್ಲ. ಪೆನ್ನಿನ ಮುಚ್ಚಳ ಬಿಚ್ಚಿ ಕಾಗದ ಎಳೆದುಕೊಂಡರು. “ಭೇಷ್! ಅಂಥ ಕೆಲಸಗಾರರನ್ನ ಇಟ್ಕೊಂಡು ನನ್ಗೆ ಒಂದ್ ಮಾತೂ ಹೇಳಿಲ್ಲವಲ್ರೀ ಉಪೇಂದ್ರ! ಯಾರ್ರೀ ಅದು? ಎಷ್ಟು ವರ್ಷದಿಂದ ನಿಮ್ಮ ಕೈಕೆಳಗೆ ಇದ್ದಾರೆ?”

ಉಪೇಂದ್ರ ಬೆನ್ನಿನಿಂದ ಕೈ ತೆಗೆದು ನೆಟ್ಟಗೆ ನಿಂತ.

“ನನ್ನ ಕೈಕೆಳಗಲ್ಲ ಸಾರ್,” ಎಂದ. “ಹದಿನಾರು ವರ್ಷದಿಂದ ನಾನೇ ಅವರ ಕೈಕೆಳಗಿದ್ದೀನಿ.”