ಇದ್ದದ್ದು ಇದ್ದ ಹಾಗೆ ಹೇಳುವ ಸ್ಪೀಕರ್

ಬಂಗಾರಪೇಟೆಯಲ್ಲಿ ರೇಡಿಯೊ, ಟೇಪ್ ರಿಪೇರಿ ಅಂಗಡಿ ಇಟ್ಟವನ ಬಳಿಗೆ ಕೆಟ್ಟ ಸೆಟ್ಟುಗಳ ಜೊತೆ ನಗುವೂ ತಾನಾಗಿ ಬರುತ್ತದೆ. ಆ ಅಂಗಡಿ ನನ್ನದೇ. ಬರೆಯುತ್ತಿರುವುದು ಇದೇ ಮೊದಲು, ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಬೇಸರಿಸಬೇಡಿ.

1

ಹಳೆಯ ವಾಲ್ವ್ ಸೆಟ್ ದನಿಯನ್ನು ಕೊಂಚ ದುಂಡಗೆ, ಬೆಚ್ಚಗೆ ಮಾಡಿ ಕೊಡುತ್ತದೆ. ವಾಲ್ವ್ ಎಂದರೆ ಒಳಗೆ ಉರಿಯುವ ಗಾಜಿನ ಬುರುಡೆ. ನಾನು ಆಸೆಪಟ್ಟು ತರಿಸಿದ ಹೊಸ ಸ್ಪೀಕರ್ ಜೋಡಿ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ಕೇಳಿಸುತ್ತದೆ. ಅದು ಒಂದು ವರ್ಷದಿಂದ ಮಾರಾಟವಾಗದೆ ಕೂತು ನನ್ನ ಮಾನ ಕಳೆಯುತ್ತಿತ್ತು. ಬೂದಿಕೋಟೆ ಕಡೆಯ ಹಾಲಿನ ಡೈರಿ ಕಾರ್ಯದರ್ಶಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಎದ್ದು ನಿಂತು ಹೇಳಿದರು: "ನಾನೂ ದಿನಾ ಮೆಷಿನ್ನಾಗೆ ಹಾಲು ಅಳೀತೀನಿ ಕಣಣ್ಣ. ಸರಿಯಾಗಿ ಅಳೆದ್ರೆ ಯಾರೂ ಖುಷಿಯಾಗಿ ಮನೇಗೋಗಲ್ಲ."

2

ಕೋರಮಂಡಲ್‌ನ ಗಿರಾಕಿಯೊಬ್ಬರನ್ನು ಎಲ್ಲರೂ ಮಾಮ ಎನ್ನುತ್ತಾರೆ, ಅಲ್ಲಿನ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿದು ಹಿಡಿದು ಕಿವಿ ಮಂದವಾದವರು. ಹಾಡು ಕೇಳುವಾಗ ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಾರೆ, ಅದುರಾಟ ಕೈಗೆ ತಾಗಬೇಕು. ವಾಲ್ವ್ ಸೆಟ್ ರಿಪೇರಿಗೆ ತಂದಾಗ ಅವರಿಗೂ ಹೊಸ ಸ್ಪೀಕರಿನಲ್ಲಿ ಹಾಡು ಹಾಕಿದೆ. ಒಳ್ಳೆಯ ಸ್ಪೀಕರಿನ ಪೆಟ್ಟಿಗೆ ಅದುರಬಾರದು, ಯಾಕೆಂದರೆ ಎಂದು ಶುರು ಮಾಡಿದೆ. ಹಾಡು ನಡೆಯುತ್ತಲೇ ಇತ್ತು. ಮಾಮ ಅಂಗೈ ಇಟ್ಟರು, ತೆಗೆದರು, ಮತ್ತೆ ಇಟ್ಟರು.

"ಎಲ್ಲಾ ಸರಿ ತಂಬಿ. ಮೊದ್ಲು ಕರೆಂಟ್ ಕೊಡು."

3

ಮರುವಾರ ಮಾಮ ಹೆಂಡತಿಯನ್ನು ಕರೆದುಕೊಂಡು, ಒಂದು ಕ್ಯಾಸೆಟ್ ಹಿಡಿದು ಬಂದರು. ಅದರಲ್ಲಿರುವುದು ಹಿಂದೆ ನೆಂಟರ ನಿಶ್ಚಿತಾರ್ಥದಲ್ಲಿ ಮಾಮನೇ ಹಾಡಿದ್ದು. ಹಾಡಿನ ಹಿಂದೆ ಏನೋ ಗುಸುಗುಸು ಇದೆಯಂತೆ. "ಜನ ಮೆಚ್ಕೊಂಡು ಮಾತಾಡ್ತಾವ್ರೆ" ಎಂದು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಹಾಡು ಅರ್ಧಕ್ಕೇ ನಿಲ್ಲುವುದು ಟೇಪ್ ಮುಗಿದದ್ದರಿಂದ ಅಂತೆ.

ಕ್ಯಾಸೆಟ್ಟನ್ನು ಹೊಸ ಸ್ಪೀಕರಿಗೆ ಹಾಕಿ, ಮಾಮನ ಕಿವಿಗೂ ಮುಟ್ಟಲೆಂದು ದನಿ ಜೋರು ಮಾಡಿದೆ. ಆ ಗುಸುಗುಸು ಈಗ ಹೆಂಗಸಿನ ದನಿಯಾಗಿ ಬಿಡಿಬಿಡಿಯಾಗಿ ಕೇಳಿಸಿತು: "ಯಾರಾದ್ರೂ ಇವರ ಕೈಗೊಂದು ಕಾಫಿ ಕೊಡ್ರಮ್ಮ, ಬಾಯಿ ಮುಚ್ತದೆ."

ಮಾಮ ಹೆಂಡತಿಯತ್ತ ತಿರುಗಿದರು. ಆಕೆ ಸ್ಪೀಕರನ್ನೇ ನೋಡುತ್ತಾ, "ತಡೀರಿ, ಕೊಟ್ರಾ ಇಲ್ವಾ ಕೇಳಾಣ" ಎಂದರು.

ಸ್ಪೀಕರಿನೊಳಗೆ ಲೋಟ ಠಣ್ ಎಂದಿತು. ಹಾಡು ನಿಂತಿತು. ಟೇಪ್ ಮಾತ್ರ ಓಡುತ್ತಲೇ ಇತ್ತು.

"ತಂಬಿ, ನನ್ ಹಳೇ ಸೆಟ್ ರಿಪೇರಿ ಮಾಡ್ಕೊಡು" ಅಂದರು ಮಾಮ.

"ಇದನ್ನೂ ಕಟ್ಟಪ್ಪ" ಅಂದರು ಆಕೆ.

ಅಂತೂ ನನ್ನ ಸ್ಪೀಕರ್ ಜೋಡಿ ಮಾರಾಟವಾಯಿತು. ಅದನ್ನು ಕೂರಿಸಲು ಅವರ ಮನೆಗೆ ನಾನೇ ಹೋದೆ. ದನಿ ಹೊರಡಿಸುವ ದೊಡ್ಡ ಕೋನ್ ಯಾಕೆ, ಚಿಕ್ಕ ಕೋನ್ ಯಾಕೆ, ಗೋಡೆಯಿಂದ ಎಷ್ಟು ದೂರ ಇಡಬೇಕು ಎಂದು ವಿವರಿಸತೊಡಗಿದೆ. ಇನ್ನೂ ದೊಡ್ಡ ಕೋನಿನ ಮಾತೇ ಮುಗಿದಿರಲಿಲ್ಲ, ಆಕೆ ಒಳಗೆ ಹೋಗಿ ನನಗೊಂದು ಲೋಟ ಕಾಫಿ ತಂದುಕೊಟ್ಟರು.